ಕರ್ಸರ್ ಹಿಂದೆ ಬೀಳುವ ನೆಕೊ ಬೆಕ್ಕು: ದಿಕ್ಕಿನ ಲೆಕ್ಕ

ಮೌಸ್ ಹೋದಲ್ಲೆಲ್ಲ ಬೆನ್ನುಹತ್ತುವ, ಅದು ನಿಂತರೆ ಮೈ ಕೆರೆದುಕೊಂಡು ಮಲಗಿಬಿಡುವ, ಕಂಪ್ಯೂಟರ್ ಪರದೆಯ ಮೇಲಿನ ಬೆಕ್ಕು ಇದು. ಮೂರು ಕಾಸಿನ ಪ್ರಯೋಜನವಿಲ್ಲ, ಮಜಾ ಇರುವುದೇ ಅದರಲ್ಲಿ. ಹುಟ್ಟಿದ್ದು ಜಪಾನಿನ ಎನ್‌ಇಸಿ ಪಿಸಿ-9801 ಎಂಬ ಕಂಪ್ಯೂಟರಿನಲ್ಲಿ. 1989ರಲ್ಲಿ ಕೆಂಜಿ ಗೊತೊ ಮ್ಯಾಕಿಂತೋಷ್‌ಗೆ ತಂದರು. ಆಮೇಲೆ ಯುನಿಕ್ಸ್ ಕಂಪ್ಯೂಟರುಗಳ ಪರದೆ ವ್ಯವಸ್ಥೆಯಾದ ಎಕ್ಸ್ ವಿಂಡೋಗೆ ಎಕ್ಸ್‌ನೆಕೊ, ಓನೆಕೊ, ವೆಬ್‌ಪುಟಗಳಿಗೆ ಓನೆಕೊ.ಜೆಎಸ್ ಎಂಬ ಜಾವಾಸ್ಕ್ರಿಪ್ಟ್ ತುಣುಕು. ಈ ಟಿಪ್ಪಣಿ ಕೊನೆಯದರ ಬಗ್ಗೆ.

ಚಿತ್ರಗಳೆಲ್ಲ 256×128 ಪಿಕ್ಸೆಲ್‌ನ ಒಂದೇ ಸ್ಪ್ರೈಟ್ ಶೀಟ್‌ನಲ್ಲಿವೆ, ಒಂದೊಂದೂ 32×32. ಓಟದ ಪ್ರತಿ ದಿಕ್ಕಿಗೂ ಎರಡೇ ಚಿತ್ರ, ಅದಲು ಬದಲು. ಇಲ್ಲಿ ತೊಡಕೇನಿಲ್ಲ.

ತೊಡಕಿರುವುದು ದಿಕ್ಕಿನಲ್ಲಿ. ಬೆಕ್ಕಿನ ಸ್ಥಾನದಿಂದ ಮೌಸ್‌ನ ಸ್ಥಾನ ಕಳೆಯಬೇಕು. ಪರದೆಯಲ್ಲಿ ವೈ ಬೆಲೆ ಕೆಳಗಿಳಿದಂತೆ ಹೆಚ್ಚುತ್ತದೆ. ಆದ್ದರಿಂದ ವೈ ವ್ಯತ್ಯಾಸ ಧನವಾಗಿದ್ದರೆ ಬೆಕ್ಕು ಮೌಸ್‌ಗಿಂತ ಕೆಳಗಿದೆ, ಓಡಬೇಕಾದ್ದು ಉತ್ತರಕ್ಕೆ. ಎಕ್ಸ್ ವ್ಯತ್ಯಾಸ ಧನವಾಗಿದ್ದರೆ ಪಶ್ಚಿಮಕ್ಕೆ. ಉಲ್ಟಾ ಕಳೆದರೆ ಬೆಕ್ಕು ಮೌಸ್‌ಗೆ ಹೆದರಿ ಓಡಿಹೋಗುತ್ತದೆ! ಆಗ ಸ್ಥಾನ ಬದಲಿಸುವ ಸಾಲಿನಲ್ಲಿ ಮಾತ್ರ ಚಿಹ್ನೆ ತಿದ್ದಿದರೆ ಮುಖ ಒಂದು ಕಡೆ, ಓಟ ಇನ್ನೊಂದು ಕಡೆ.

ಮುಂದೆ ಎರಡೂ ವ್ಯತ್ಯಾಸಗಳನ್ನು ಬೆಕ್ಕು, ಮೌಸ್ ನಡುವಿನ ದೂರದಿಂದ ಭಾಗಿಸಿ, 0.5ಕ್ಕಿಂತ ಹೆಚ್ಚೇ, -0.5ಕ್ಕಿಂತ ಕಡಿಮೆಯೇ ಎಂದು ನೋಡುತ್ತಾರೆ. ಒಂದೇ ಮಿತಿ ದಾಟಿದರೆ ನೇರ ದಿಕ್ಕು, ಎರಡೂ ದಾಟಿದರೆ ಓರೆ ದಿಕ್ಕು. ಏಕೆ 0.5? ಅದು 30 ಡಿಗ್ರಿಯ ಸೈನ್. ಅಂದರೆ ನೇರ ದಿಕ್ಕುಗಳಿಗೆ ತಲಾ 60 ಡಿಗ್ರಿ, ಓರೆ ದಿಕ್ಕುಗಳಿಗೆ ತಲಾ 30 ಮಾತ್ರ. ಹಳೆಯ ಓನೆಕೊ 22.5 ಡಿಗ್ರಿಯ ಸೈನ್ ಬಳಸುತ್ತದೆ, ಸುಮಾರು 0.383, ಎಂಟೂ ದಿಕ್ಕಿಗೆ ಸಮಪಾಲು 45. ಮೌಸ್ 300 ಪಿಕ್ಸೆಲ್ ಬಲಕ್ಕೆ, 150 ಮೇಲಕ್ಕೆ ಇದೆ ಅನ್ನಿ. ದೂರ ಸುಮಾರು 335; 150 ÷ 335 = 0.447. ಮಿತಿ 0.5 ಆದರೆ ಬೆಕ್ಕಿನ ಮುಖ ಬರೀ ಪೂರ್ವಕ್ಕೆ, 0.383 ಆದರೆ ಈಶಾನ್ಯಕ್ಕೆ. ಸಾಗುವ ದಾರಿ ಎರಡರಲ್ಲೂ ಒಂದೇ, ಬದಲಾಗುವುದು ಚಿತ್ರವಷ್ಟೆ. 0.5ರಲ್ಲಿ ಬೆಕ್ಕು ಪಕ್ಕಕ್ಕೆ ಜಾರಿದಂತೆ ಕಾಣುತ್ತದೆ, 0.383 ಹಾಕಿಕೊಳ್ಳುವುದೇ ವಾಸಿ.

ಭಾಗಿಸಿದ್ದನ್ನು ವೇಗ 10ರಿಂದ ಗುಣಿಸಿ ಸ್ಥಾನದಿಂದ ಕಳೆಯಿರಿ. ಭಾಗಿಸುವ ಮೊದಲೇ ದೂರ 48ಕ್ಕಿಂತ ಕಡಿಮೆಯೇ ನೋಡಿ, ಹಾಗಿದ್ದರೆ ನಿಲ್ಲಿಸಿ. ಇಲ್ಲದಿದ್ದರೆ ಬೆಕ್ಕು ಗುರಿ ದಾಟಿ ಹಿಂದೆ ಮುಂದೆ ನಡುಗುತ್ತದೆ. ದೂರ ಸೊನ್ನೆಯಾದರಂತೂ ಸ್ಥಾನ ಸಂಖ್ಯೆಯಾಗಿಯೇ ಉಳಿಯದೆ ಬೆಕ್ಕು ಅಲ್ಲೇ ಕೆಟ್ಟು ನಿಲ್ಲುತ್ತದೆ.

ಹೆಜ್ಜೆ 100 ಮಿಲಿಸೆಕೆಂಡಿಗೊಂದು. ಪರದೆಯ ಪ್ರತಿ ಫ್ರೇಮಿಗೂ ಓಡಿಸಿದರೆ 60 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 60 ಫ್ರೇಮ್) ಆರು ಪಟ್ಟು ವೇಗ, 144 ಹರ್ಟ್ಸ್‌ನಲ್ಲಿ ಕಣ್ಣಿಗೇ ಸಿಗದು. ಕೊನೆಗೆ, ಬೆಕ್ಕಿನ ಡಿವ್‌ಗೆ, ಅಂದರೆ ಪುಟದಲ್ಲಿ ಅದರ ಚಿತ್ರ ಹಿಡಿದಿರುವ ಪೆಟ್ಟಿಗೆಗೆ, ಪಾಯಿಂಟರ್-ಈವೆಂಟ್ಸ್ ನನ್ (pointer-events: none) ಎಂದು ಕೊಡಿ. ಮರೆತರೆ ಕೆಳಗಿನ ಲಿಂಕಿಗೆ ಬೀಳಬೇಕಾದ ಕ್ಲಿಕ್ಕನ್ನು ಬೆಕ್ಕೇ ನುಂಗುತ್ತದೆ.