ಅಲ್ಯೂಮಿನಿಯಂ ಕಿಟಕಿಗೆ ಪೌಡರ್ ಕೋಟಿಂಗ್: ಬಣ್ಣದ ಅಡಿಯಲ್ಲಿರುವ ಕೆಲಸ

ಪೌಡರ್ ಕೋಟಿಂಗ್ ಎಂದರೆ ವಿದ್ಯುದಾವೇಶ ಕೊಟ್ಟ ಒಣ ಬಣ್ಣದ ಪುಡಿಯನ್ನು ಲೋಹಕ್ಕೆ ಸಿಂಪಡಿಸಿ ಓವನ್‌ನಲ್ಲಿ ಬೇಯಿಸುವುದು. ಕಿಟಕಿ ಸೆಕ್ಷನ್‌ಗಳಿಗೆ (ಚೌಕಟ್ಟಿನ ಉದ್ದ ಪಟ್ಟಿಗಳಿಗೆ) ಹೆಚ್ಚಾಗಿ ಬಳಸುವುದು 6063 ಎಂಬ ಅಲ್ಯೂಮಿನಿಯಂ ಮಿಶ್ರಲೋಹ. ಅದರ ಮೇಲಿನ ಬಣ್ಣ ಪದರವಾಗಿ ಎದ್ದಾಗ ಎಲ್ಲರೂ ಮೊದಲು ಪೌಡರನ್ನೇ ದೂರುತ್ತಾರೆ. ಆದರೆ ತಪ್ಪು ಸಾಮಾನ್ಯವಾಗಿ ಅದಕ್ಕೂ ಮುಂಚೆ, ತೊಳೆಯುವ ತೊಟ್ಟಿಗಳಲ್ಲೇ ಆಗಿರುತ್ತದೆ. ಹಾಗಾಗಿ ಓದುವಾಗಲೂ ಅಲ್ಲಿಂದಲೇ ಶುರು ಮಾಡಿ.

ಕ್ರಮ ಹೀಗಿದೆ: ಎಣ್ಣೆ ತೆಗೆಯುವುದು, ಕ್ಷಾರದಲ್ಲಿ ಎಚ್ಚಿಂಗ್ (ಮೇಲ್ಮೈಯ ತೆಳು ಪದರವನ್ನು ಕರಗಿಸುವುದು), ಅದು ಬಿಟ್ಟ ಕಪ್ಪು ಮಸಿಯನ್ನು ಆಮ್ಲದಲ್ಲಿ ಕಳೆಯುವುದು, ಕನ್ವರ್ಷನ್ ಕೋಟಿಂಗ್ (ಬಣ್ಣ ಹಿಡಿಯಲು ರಾಸಾಯನಿಕದಿಂದ ಮೂಡಿಸುವ ತೆಳು ಪದರ), ಕೊನೆಗೆ ಡಿಮಿನರಲೈಸ್ಡ್ (ಲವಣ ತೆಗೆದ) ನೀರು. ಪ್ರತಿ ಹಂತದ ನಡುವೆಯೂ ತೊಳೆಯಬೇಕು. ಎಚ್ಚಿಂಗ್‌ನಲ್ಲಿ ಚದರ ಮೀಟರ್‌ಗೆ ಕನಿಷ್ಠ 1 ಗ್ರಾಂ ಲೋಹ ಕರಗಬೇಕು ಎನ್ನುತ್ತದೆ ಅಲ್ಯೂಮಿನಿಯಂ ಬಣ್ಣದ ಗುಣಮಟ್ಟಕ್ಕೆ ಪ್ರಮಾಣಪತ್ರ ಕೊಡುವ ಸಂಸ್ಥೆ ಕ್ವಾಲಿಕೋಟ್. ಅದರ ಕಡಲತೀರದ ದರ್ಜೆಗೆ 2 ಗ್ರಾಂ. ಮಂಗಳೂರು, ಕಾರವಾರದ ಕಟ್ಟಡಗಳಿಗೆ ಈ ಎರಡನೆಯದನ್ನೇ ಕೇಳುವುದು ಒಳ್ಳೆಯದು. ಅಳೆಯುವುದು ಸುಲಭ. 10 ಸೆಂ.ಮೀ. ಚೌಕದ ತುಂಡಿನ ಎರಡೂ ಮುಖ ಸೇರಿದರೆ 0.02 ಚದರ ಮೀಟರ್. ಅಂದರೆ ಎಚ್ಚಿಂಗ್ ಆದ ಮೇಲೆ ತೂಕ 20 ಮಿಲಿಗ್ರಾಂ ಇಳಿದಿರಬೇಕು, ಕಡಲತೀರಕ್ಕಾದರೆ 40. ಅಡುಗೆಮನೆಯ ತಕ್ಕಡಿಗೆ ಇದು ಸಿಗದು. ಮಿಲಿಗ್ರಾಂ ತೋರಿಸುವ ತಕ್ಕಡಿಯೇ ಬೇಕು.

ಹಳೆಯ ಹಳದಿ ಕ್ರೋಮೇಟ್ ಕನ್ವರ್ಷನ್ ಪದರ ಕಣ್ಣಿಗೆ ಕಾಣುತ್ತಿತ್ತು. ಈಗಿನ ಟೈಟಾನಿಯಂ–ಜಿರ್ಕೋನಿಯಂ ಪದರಕ್ಕೆ ಬಹುಮಟ್ಟಿಗೆ ಬಣ್ಣವೇ ಇಲ್ಲ, ನೋಡಿ ನಂಬುವಂತಿಲ್ಲ. ಕೊನೆಯ ನೀರಿನ ವಾಹಕತೆಯನ್ನು (ಉಪ್ಪು ಎಷ್ಟು ಉಳಿದಿದೆ ಎಂದು ತೋರಿಸುವ ಅಳತೆ) ತೊಟ್ಟಿಯಲ್ಲಲ್ಲ, ಸೆಕ್ಷನ್‌ನಿಂದ ತೊಟ್ಟಿಕ್ಕುವ ಹನಿಯಲ್ಲಿ ಅಳೆಯಿರಿ: 30 ಮೈಕ್ರೊಸೀಮೆನ್ಸ್ ಪ್ರತಿ ಸೆಂ.ಮೀ. ದಾಟಬಾರದು. ಅಡಿಯಲ್ಲಿ ಉಪ್ಪು ಉಳಿದರೆ ಅದು ಬಣ್ಣದ ಮೂಲಕವೇ ತೇವ ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ.

ಇನ್ನು ಬೇಕಿಂಗ್. ಸಾಮಾನ್ಯ ಪಾಲಿಯೆಸ್ಟರ್ ಪೌಡರ್‌ಗೆ 200 ಡಿಗ್ರಿ ಸೆಲ್ಸಿಯಸ್, 10 ನಿಮಿಷ. ಇದು ಓವನ್ ಗಾಳಿಯ ಲೆಕ್ಕವಲ್ಲ, ಲೋಹದ್ದು. 1.2 ಮಿ.ಮೀ. ಸೆಕ್ಷನ್ ಬೇಗ ಕಾಯುತ್ತದೆ. ಅದೇ ಹೊತ್ತಿಗೆ ಜೊತೆಗೆ ನೇತುಹಾಕಿದ 4 ಮಿ.ಮೀ. ಮುಲಿಯನ್ (ಕಿಟಕಿಯ ನಡುವಿನ ಲಂಬ ಕಂಬ) ಇನ್ನೂ ಹಿಂದಿರುತ್ತದೆ. ಬೆಂದಿದೆಯೇ ಎಂದು ನೋಡಲು ಎಂಇಕೆ (ಮೀಥೈಲ್ ಈಥೈಲ್ ಕೀಟೋನ್) ದ್ರಾವಕದಲ್ಲಿ ಅದ್ದಿದ ಹತ್ತಿಯಿಂದ 30 ಸಲ ಹಿಂದೆಮುಂದೆ ಉಜ್ಜಿ, ಅರ್ಧ ಗಂಟೆ ಬಿಟ್ಟು ಉಗುರಿನಿಂದ ಗೀರಿ. ಮೆತ್ತಗಾಗಿ ಗೀರು ಬಿದ್ದರೆ ಬೆಂದಿಲ್ಲ.

ಬಣ್ಣದ ದಪ್ಪ ಸರಾಸರಿ 60 ಮೈಕ್ರಾನ್ ಇರಲಿ, ಎಲ್ಲೂ 48ಕ್ಕಿಂತ ಇಳಿಯದಿರಲಿ. ಒಳಮೂಲೆಗಳಿಗೆ ವಿದ್ಯುತ್ ಕ್ಷೇತ್ರ ಹೋಗದ ಕಾರಣ ಪೌಡರ್ ತೆಳುವಾಗುತ್ತದೆ. ಅಲ್ಲಿ ಪೌಡರ್ ಸಿಂಪಡಿಸುವ ಗನ್‌ನ ವೋಲ್ಟೇಜ್ ಇಳಿಸಬೇಕು. ಏರಿಸಿದರೆ ಅಂಚಿನಲ್ಲೇ ಗುಡ್ಡೆಯಾಗುತ್ತದೆ.

ಬಣ್ಣ ಬಹುಕಾಲ ಮಾಸದಿರಬೇಕಾದರೆ 70 ಶೇಕಡಾ ಪಿವಿಡಿಎಫ್ (ಬಿಸಿಲು ತಡೆಯುವ ಫ್ಲೋರಿನ್‌ಯುಕ್ತ ಪ್ಲಾಸ್ಟಿಕ್) ರಾಳದ ಬಣ್ಣ ಕೇಳಿ. ಅಮೆರಿಕದ ಮಾನದಂಡವಾದ ಎಎಎಂಎ 2605 ದರ್ಜೆಗೆ ಮಾದರಿಗಳು ದಕ್ಷಿಣ ಫ್ಲೋರಿಡಾದ ಬಿಸಿಲಿನಲ್ಲಿ 10 ವರ್ಷ ನಿಲ್ಲಬೇಕು; 2604ಕ್ಕೆ 5, 2603ಕ್ಕೆ 1. ಇಷ್ಟಾದರೂ ಪಿವಿಡಿಎಫ್ ಕೆಟ್ಟ ಎಚ್ಚಿಂಗನ್ನು ಮುಚ್ಚಿಹಾಕದು.

ಸೈಟಿನಲ್ಲಿ ಎರಡು ಕಡೆ ಕಣ್ಣಿಡಿ. ಕತ್ತರಿಸಿದ ಅಂಚು, ಡ್ರಿಲ್ ತೂತುಗಳಲ್ಲಿ ಲೋಹ ಬರಿದಾಗಿರುತ್ತದೆ. ಉಪ್ಪುಗಾಳಿಯಲ್ಲಿ ಬಣ್ಣದ ಕೆಳಗೆ ಹುಳು ಹರಿದಂಥ ಎಳೆಗಳು ಹೊರಡುವುದು ಅಲ್ಲಿಂದಲೇ. ಆಮೇಲೆ ಸಿಮೆಂಟು. ಅದರ ಕ್ಷಾರ ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪದರವನ್ನು ಕರಗಿಸುತ್ತದೆ. ಅನೋಡೈಸ್ ಮಾಡಿದ (ವಿದ್ಯುತ್ತಿನಿಂದ ಆ ಆಕ್ಸೈಡ್ ಪದರವನ್ನು ದಪ್ಪಗೊಳಿಸಿದ) ಚೌಕಟ್ಟಿನ ಮೇಲೆ ಬಿದ್ದರಂತೂ ಬಿಳಿ ಕಲೆ ಹೋಗುವುದೇ ಇಲ್ಲ. ಹಸಿಯಾಗಿರುವಾಗಲೇ ನೀರು ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ.