23 ವರ್ಷಕ್ಕೇ ಹಳೇ ದಿನಗಳ ನೆನಪು ಯಾಕೆ?

ಅಮೆರಿಕದ ಅಣ್ಣ-ತಂಗಿ ಜೋಡಿ ಕಾರ್ಪೆಂಟರ್ಸ್ ಹಾಡಿರೋ 'ಯೆಸ್ಟರ್‌ಡೇ ಒನ್ಸ್ ಮೋರ್' ಹಾಡು ಕೇಳಿದಾಗೆಲ್ಲ ಒಂದು ವಿಷಯ ನನ್ನ ತಲೇಲಿ ಕೊರೀತಾ ಇರುತ್ತೆ. ಚಿಕ್ಕೋಳಿದ್ದಾಗ ರೇಡಿಯೋ ಮುಂದೆ ಕೂತು ಇಷ್ಟದ ಹಾಡಿಗೆ ಕಾಯ್ತಿದ್ದೆ, ಆ ಕಾಲ ಎಷ್ಟು ಚೆನ್ನಾಗಿತ್ತು ಅಂತ ಹಾಡ್ತಾಳಲ್ಲ ಕರೆನ್ ಕಾರ್ಪೆಂಟರ್, ಆಗ ಅವಳಿಗೆ ಬರೀ 23 ವರ್ಷ! ಜಾನ್ ಬೆಟ್ಟಿಸ್ ಜೊತೆ ಸೇರಿ ಹಾಡು ಬರೆದ ಅವಳಣ್ಣ ರಿಚರ್ಡ್‌ಗೆ 26.

ಅದು 1973. ಅಮೆರಿಕದ ರೇಡಿಯೋಗಳು ಹಳೇ ಹಾಡುಗಳನ್ನ ಮತ್ತೆ ಹಾಕೋಕೆ ಶುರು ಮಾಡಿದ್ವು, ಅದನ್ನ ಕೇಳೀನೇ ರಿಚರ್ಡ್‌ಗೆ ಈ ಹಾಡು ಹೊಳೆದಿದ್ದು. 'ನೌ ಅಂಡ್ ದೆನ್' ಆಲ್ಬಮ್‌ನ ಎರಡನೇ ಸೈಡ್ ಶುರುವಾಗೋದೇ ಇದ್ರಿಂದ, ಆಮೇಲೆ ಹಳೇ ಹಾಡುಗಳು ಒಂದರ ಹಿಂದೊಂದು ಬರ್ತವೆ, ಮಧ್ಯೆ ಮಧ್ಯೆ ಗಿಟಾರ್ ನುಡಿಸೋ ಟೋನಿ ಪೆಲೂಸೋ ರೇಡಿಯೋ ಜಾಕಿ ಥರ ಮಾತಾಡ್ತಾನೆ, ಕೊನೇಗೆ ಮತ್ತೆ ಇದೇ ಹಾಡಿನ ತುಣುಕು. ಜುಲೈ ಹೊತ್ತಿಗೆ ಅಮೆರಿಕದ ಹಿಟ್ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರಲ್ಲಿ 2ನೇ ಜಾಗಕ್ಕೆ ಬಂತು, ಮೇಲೆ ಜಿಮ್ ಕ್ರೋಚಿಯ 'ಬ್ಯಾಡ್, ಬ್ಯಾಡ್ ಲೆರಾಯ್ ಬ್ರೌನ್' ಕೂತಿತ್ತು. ಬ್ರಿಟನ್ನಲ್ಲೂ 2ನೇ ಜಾಗಾನೇ. ಮೆಲುದನಿಯ ಹಾಡುಗಳ ಪಟ್ಟಿ, ಅಂದ್ರೆ ಈಸಿ ಲಿಸನಿಂಗ್ ಚಾರ್ಟ್‌ನಲ್ಲಿ ಮಾತ್ರ ನಂಬರ್ 1.

ಸರಿ, ಅಷ್ಟು ಚಿಕ್ಕ ವಯಸ್ಸಿಗೇ ಹಳೇದರ ಹಂಬಲ ಯಾಕೆ? ಮನುಷ್ಯರಿಗೆ ಸುಮಾರು 10ರಿಂದ 30ರ ವಯಸ್ಸಿನ ನೆನಪುಗಳು ಉಳಿದ ವಯಸ್ಸಿನದಕ್ಕಿಂತ ಜಾಸ್ತಿ ಉಳಿಯುತ್ತೆ, ಗ್ರಾಫ್ ಹಾಕಿದ್ರೆ ಅಲ್ಲೊಂದು ಗುಡ್ಡ ಕಾಣುತ್ತೆ, ಮನಶ್ಶಾಸ್ತ್ರದವರು ಅದನ್ನ ರೆಮಿನಿಸೆನ್ಸ್ ಬಂಪ್ ಅಂತಾರೆ. ಪಾಪ್ ಹಾಡುಗಳ ವಿಷಯದಲ್ಲಿ ಈ ಗುಡ್ಡ ಇನ್ನೂ ಬೇಗ, ಹೈಸ್ಕೂಲ್ ವಯಸ್ಸಿನ ಆಸುಪಾಸಲ್ಲೇ ಏಳುತ್ತೆ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಪೀಟರ್ ಜನಾಟಾ ಅನ್ನೋ ವಿಜ್ಞಾನಿ ಮಾಡಿದ ಪ್ರಯೋಗ ನಂಗೆ ತುಂಬಾ ಇಷ್ಟ, 2009ರಲ್ಲಿ ಪ್ರಕಟ ಆಗಿದ್ದು. 13 ವಿದ್ಯಾರ್ಥಿಗಳನ್ನ ಮಿದುಳಿನ ಸ್ಕ್ಯಾನರ್‌ನಲ್ಲಿ ಮಲಗಿಸಿ, ಅವರಿಗೆ 8ರಿಂದ 18 ವರ್ಷ ಇದ್ದಾಗ ಚಾರ್ಟ್‌ನಲ್ಲಿದ್ದ ಹಾಡುಗಳ ತುಣುಕು ಕೇಳಿಸಿದ್ರು. ಹಾಡು ಸ್ವಂತ ನೆನಪೊಂದನ್ನ ಎಬ್ಬಿಸಿದಾಗ ಹಣೆಯ ಹಿಂದೆ, ಮಿದುಳಿನ ನಡುಗೆರೆ ಹತ್ರದ ಮೀಡಿಯಲ್ ಪ್ರಿಫ್ರಂಟಲ್ ಕಾರ್ಟೆಕ್ಸ್ ಚುರುಕಾಯ್ತು. ನೆನಪು ಗಾಢವಾದಷ್ಟೂ ಜಾಸ್ತಿ. ಅಲ್ಜೈಮರ್ಸ್ ಕಾಯಿಲೇಲಿ ಕೊನೆ ಕೊನೆಗೆ ಸವೆಯೋ ಭಾಗಗಳಲ್ಲಿ ಇದೂ ಒಂದು. ಮನೆಯವರ ಹೆಸರು ಮರೆತೋರೂ ಹಳೇ ಹಾಡಿಗೆ ದನಿಗೂಡಿಸ್ತಾರಲ್ಲ, ಅದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ಜನಾಟಾ ಊಹೆ.

ಈಗ ಆಲ್ಬಮ್‌ನ ಆ ಎರಡನೇ ಸೈಡ್‌ಗೆ ವಾಪಸ್ ಬನ್ನಿ. ಕರೆನ್, ರಿಚರ್ಡ್ ಆರಿಸ್ಕೊಂಡ ಹಳೇ ಹಾಡುಗಳು, 'ಜಾನಿ ಏಂಜಲ್', 'ಡಾ ಡೂ ರಾನ್ ರಾನ್', 'ಫನ್, ಫನ್, ಫನ್', ಎಲ್ಲಾ 1962ರಿಂದ 64ರೊಳಗೆ ಹಿಟ್ ಆದವು. ಆಗ ಕರೆನ್‌ಗೆ 12ರಿಂದ 14 ವರ್ಷ.