ಬೋದಿಗೆ ಬರೀ ಅಲಂಕಾರವಲ್ಲ

ಚಿತ್ರದುರ್ಗಕ್ಕೆ ಬಂದವರು ಸೀದಾ ಕೋಟೆ ಹತ್ತುತ್ತಾರೆ. ತಪ್ಪೇನಿಲ್ಲ, ಆ ಕಲ್ಲಿನ ಕೆಲಸವೇ ಹಾಗಿದೆ. ಆದರೆ ದೊಡ್ಡಪೇಟೆ ಕಡೆಯ ಹಳೇ ಮಾಳಿಗೆ ಮನೆಗಳತ್ತ, ಅಂದರೆ ಮಣ್ಣಿನ ಚಾವಣಿಯ ಮನೆಗಳತ್ತ, ಯಾರೂ ತಲೆಯೆತ್ತಿ ನೋಡುವುದಿಲ್ಲ. ಬೀದಿಗೆ ಕಾಣುವುದು ಅಂಗಡಿ, ಫ್ಲೆಕ್ಸು, ವೈರು. ಒಳಗೆ ಹೋದರೆ ಮರದ ಕಂಬ, ಅದರ ನೆತ್ತಿಗೆ ಅಡ್ಡಲಾಗಿ ಕೂತ ಬೋದಿಗೆ ಎಂಬ ಮರದ ತುಂಡು, ಬೋದಿಗೆ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತೆ. ಎಲ್ಲದರ ಮೇಲೆ ಮಣ್ಣು.

ಆ ಮಣ್ಣಿನ ಭಾರ ಸುಮ್ನೆ ಅಲ್ಲ. ಒಂದಡಿ ದಪ್ಪದ ಮಾಳಿಗೆ ಚದರ ಮೀಟರಿಗೆ ಹೆಚ್ಚುಕಡಿಮೆ 500 ಕೆ.ಜಿ. ತೂಗುತ್ತದೆ. ಹತ್ತಡಿ ಚೌಕದ ಕೋಣೆಯಾದರೆ ನೆತ್ತಿಯ ಮೇಲೆ ನಾಲ್ಕೂವರೆ ಟನ್! ನೆನೆದರೆ ಇನ್ನೂ ಜಾಸ್ತಿ.

ಈಗ ಬೋದಿಗೆಗೆ ಬರೋಣ. ಹೂವು, ಬಳ್ಳಿ ಕೆತ್ತಿರುವುದರಿಂದ ಅದು ಅಂದಕ್ಕೆ ಇಟ್ಟದ್ದು ಅನ್ನಿಸುತ್ತದೆ. ಅಂದ ಆಮೇಲಿನ ಮಾತು. ಮರಕ್ಕೆ ನಾರಿನ ಉದ್ದಕ್ಕೆ ಇರುವ ಶಕ್ತಿ ಅಡ್ಡಕ್ಕೆ ಇಲ್ಲ. ನಿಂತ ಕಂಬ ಗಟ್ಟಿ, ಆದರೆ ಮಲಗಿದ ತೊಲೆಯನ್ನು ಅದರ ತುದಿ ನೇರವಾಗಿ ಒತ್ತಿದರೆ ತೊಲೆಯ ನಾರು ಜಜ್ಜಿಹೋಗುತ್ತದೆ. ನಡುವೆ ಬೋದಿಗೆ ಕೂತು ಆ ಒತ್ತಡವನ್ನು ಅಗಲಕ್ಕೆ ಹರಡುತ್ತದೆ. ಇನ್ನೊಂದು ಲಾಭವೂ ಇದೆ. ಕಂಬಗಳ ನಡುವೆ ಹತ್ತಡಿ ಇದ್ದು, ಎರಡೂ ಕಡೆ ಬೋದಿಗೆ ಒಂದೊಂದು ಅಡಿ ಚಾಚಿದ್ದರೆ ತೊಲೆಗೆ ಆಸರೆಯಿಲ್ಲದ ಜಾಗ ಎಂಟೇ ಅಡಿ. ತೊಲೆ ಬಾಗುವುದು ಉದ್ದದ ನಾಲ್ಕನೇ ಘಾತದ ಲೆಕ್ಕದಲ್ಲಿ. ಹಾಗಾಗಿ ಎರಡಡಿ ಕಡಿಮೆಯಾದರೆ ಬಾಗು ಶೇ. 41ಕ್ಕೆ ಇಳಿಯುತ್ತದೆ. ಇದು ಕಾಗದದ ಲೆಕ್ಕ; ಬೋದಿಗೆಯ ತುದಿಯೂ ತುಸು ಬಗ್ಗುವುದರಿಂದ ಪೂರ್ತಿ ಲಾಭ ಸಿಗುವುದಿಲ್ಲ. ಆದರೂ ಕಡಿಮೆಯೇನಲ್ಲ, ಅಲ್ವಾ?

ಮೇಲಿನ ಮಣ್ಣೂ ಯಾವುದೋ ಮಣ್ಣಲ್ಲ. ಸೋರದಿರಲಿ ಅಂತ ಕರಲು ಮಣ್ಣು ಹಾಕುತ್ತಿದ್ದರು. ಅದರಲ್ಲಿ ಸೋಡಿಯಂ ಜಾಸ್ತಿ. ನೆನೆದಾಗ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚುತ್ತವೆ, ನೀರು ಕೆಳಗಿಳಿಯುವುದಿಲ್ಲ. ಹೊಲದಲ್ಲಿ ಕರಲೆದ್ದರೆ ರೈತ ತಲೆ ಮೇಲೆ ಕೈಹೊತ್ತು ಕೂರುವುದೂ ಇದೇ ಕಾರಣಕ್ಕೆ. ಮಳೆಗಾಲಕ್ಕೆ ಮುಂಚೆ ಹಳೆಯದನ್ನು ತೆಗೆಯದೆ ಹೊಸ ಪದರ ಹಾಕುತ್ತಲೇ ಹೋದರೆ ಮಾತ್ರ ಭಾರ ಏರುತ್ತದೆ, ತೊಲೆ ನಿಧಾನಕ್ಕೆ ಜೋಲುತ್ತದೆ.

ಗೋಡೆ ಬಿರುಕು ಬಿಟ್ಟ ತಕ್ಷಣ ಮನೆ ಮುಗಿಯಿತು ಅನ್ನುವವರಿದ್ದಾರೆ. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪದಲ್ಲಿ ದಪ್ಪ ಕಲ್ಲಿನ ಗೋಡೆಗಳು ಕುಸಿದವು. ಆದರೆ ಒಳಗೆ ಮರದ ಚೌಕಟ್ಟಿದ್ದ ಎಷ್ಟೋ ಮನೆಗಳಲ್ಲಿ ಮಣ್ಣಿನ ಮಾಳಿಗೆ ಕಂಬಗಳ ಮೇಲೆ ಹಾಗೇ ನಿಂತಿತ್ತು. ಭಾರ ಹೊತ್ತದ್ದು ಮರ.

ಆ ಮರಕ್ಕೆ ವಯಸ್ಸಿನಿಂದ ಅಪಾಯವಿಲ್ಲ, ತೇವದಿಂದ ಇದೆ. ಮರದ ತೇವಾಂಶ ಶೇ. 20ಕ್ಕಿಂತ ಕಡಿಮೆ ಇದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯದು. ಅದಕ್ಕೇ ಕಂಬದ ಕೆಳಗೆ ಕಲ್ಲಿನ ಪೀಠ. ನೆಲದ ತೇವ ಮೇಲೇರಬಾರದು. ಈಗ ನೆಲಕ್ಕೆ ಸಿಮೆಂಟು, ಟೈಲ್ಸು ಹಾಕುವಾಗ ಆ ಪೀಠವನ್ನೇ ಹೂತುಬಿಡುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ನೆಲ ತೊಳೆದ ನೀರೆಲ್ಲ ಕಂಬದ ಬುಡಕ್ಕೆ. ಅಂಥ ಮನೆ ನಿಮ್ಮದಾಗಿದ್ದರೆ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಮೆತ್ತಗೆ ಒಳಹೋದರೆ ಕೊಳೆತಿದೆ ಅಂತ ಲೆಕ್ಕ. ಆಗಲೂ ಇಡೀ ಕಂಬ ಕೀಳಬೇಕಿಲ್ಲ. ತೊಲೆಗೆ ಜ್ಯಾಕ್ ಕೊಟ್ಟು, ಕೊಳೆತಷ್ಟನ್ನು ಕತ್ತರಿಸಿ, ಎತ್ತರದ ಕಲ್ಲಿನ ಮೇಲೆ ಹೊಸ ತುಂಡು ಬೆಸೆದರೆ ಸಾಕು.